ಟೇಪಿಗೆ ಸಿಗದ ಮೋತಿ

ದರ್ಜಿಯ ಟೇಪು ಅರವತ್ತು ಇಂಚಿಗೆ ಮುಗಿದುಹೋಗುತ್ತದೆ. ಅದರ ತುದಿಗೆ ಒಂದು ಚಿಕ್ಕ ಹಿತ್ತಾಳೆಯ ತಗಡು, ಅದರಾಚೆಗೆ ಬರೀ ಗಾಳಿ. ಮೂವತ್ತೈದು ವರ್ಷ ಅದನ್ನು ಕೊರಳಿಗೆ ಹಾಕಿಕೊಂಡು ತುಮಕೂರಿನ ಒಂದು ಬೀದಿಯ ಸೊಂಟಗಳಿಗೆಲ್ಲ ಪ್ರದಕ್ಷಿಣೆ ಹಾಕಿದ ನನಗೆ, ಮನುಷ್ಯ ಎಷ್ಟು ಉಬ್ಬಿದರೂ ಈ ಅರವತ್ತರೊಳಗೇ ಉಬ್ಬುತ್ತಾನೆ ಎಂಬ ಭರವಸೆಯೊಂದು ಬೆಳೆದಿತ್ತು. ಮದುವೆಮನೆಗಳ ಅಡುಗೆಭಟ್ಟರು, ಕೊಬ್ಬರಿ ಮಂಡಿಯ ಸಾಹುಕಾರರು, ಕೂತು ಕೂತು ಕುರ್ಚಿಯ ಆಕಾರಕ್ಕೇ ಬಂದಿದ್ದ ಗುಮಾಸ್ತರು, ಎಲ್ಲರೂ ಅದರೊಳಗೆ ಸಿಕ್ಕಿದರು. ಸಿಗದೆ ಹೋದವಳು ಒಬ್ಬಳೇ. ಅವಳಿಗೆ ನಾಲ್ಕು ಕಾಲಿದ್ದವು.

ಈಗ ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ, ಆದರೆ ಹಳೆಯ ತಪ್ಪುಗಳು ನಿಚ್ಚಳವಾಗಿ ಕಾಣುತ್ತವೆ. ವಯಸ್ಸಾದ ಮೇಲೆ ಹತ್ತಿರದ್ದು ಮಸುಕಾಗಿ ದೂರದ್ದು ಸ್ಪಷ್ಟವಾಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದು ಬಹುಶಃ ಇದನ್ನೇ. ಆದ್ದರಿಂದ ಸ್ನೇಹಿತರೆ, ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಬಿಚ್ಚಿಡುತ್ತೇನೆ. ನೆನೆದಾಗಲೆಲ್ಲ ನನಗೆ ಮೊದಲು ನಗು ಬರುತ್ತದೆ, ನಾಚಿಕೆ ಅದರ ಹಿಂದೆ ಏದುಸಿರು ಬಿಡುತ್ತ ಬಂದು ಸೇರುತ್ತದೆ. ಬಂದ ಕ್ರಮದಲ್ಲಿಯೇ ಎರಡನ್ನೂ ಕೊಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಅಂಗಡಿಯ ಎದುರಿಗೇ ಜಟಕಾ ಸ್ಟ್ಯಾಂಡು. ಅಲ್ಲಿ ನಿಲ್ಲುತ್ತಿದ್ದ ನಾಲ್ಕೈದು ಗಾಡಿಗಳಲ್ಲಿ ಒಂದು ನಂಜಪ್ಪಣ್ಣನದು. ಗಾಡಿ ಅವನದೇ ಆದರೂ ಕುದುರೆ ಗುಬ್ಬಿಯಿಂದ ಬಂದದ್ದು. ಕಣ್ಣು ಮಂಜಾಗಿ ಗಾಡಿ ಬಿಟ್ಟ ಅಲ್ಲಿನ ಮುದುಕರೊಬ್ಬರು ಅದನ್ನು ಇವನ ಕೈಗೆ ಕೊಡುವಾಗ ಹೆಸರನ್ನೂ ಜೊತೆಗೆ ಕೊಟ್ಟಿದ್ದರು: ಮೋತಿ. ಮುತ್ತು ಎಂದರ್ಥ. ನಮ್ಮ ಮನೆಯ ಉರ್ದುವಿನಲ್ಲಿ ಆ ತಕಾರವನ್ನು ನಾಲಿಗೆ ಕೊಂಚ ಹಿಂದಕ್ಕೆಳೆದುಕೊಂಡು ಟಕಾರ ಮಾಡಿದರೆ ಮೋಟಿ, ಅಂದರೆ ದಡೂತಿ. ಗುಬ್ಬಿಯಿಂದ ಮುತ್ತಾಗಿ ಬಂದವಳು ತುಮಕೂರಿನ ಗಾಳಿ ಕುಡಿದು ಎರಡೇ ವರ್ಷದಲ್ಲಿ ಆ ಒಂದಕ್ಷರದ ದೂರವನ್ನು ದಾಟಿಬಿಟ್ಟಳು. ಮೊದಲೇ ಮೋಟು ಜಾತಿ. ಎತ್ತರಕ್ಕೆ ಹೋಗಲು ದಾರಿಯಿಲ್ಲದ ಆಹಾರವೆಲ್ಲ ಅಗಲಕ್ಕೆ ಹೋಯಿತು.

ಇದಕ್ಕೆ ಆಟೋಗಳು ಕಾರಣವೆಂದು ನಂಜಪ್ಪಣ್ಣ ಹೇಳುತ್ತಿದ್ದ. ಅವು ಬಂದ ಮೇಲೆ ಸವಾರಿ ಅರ್ಧಕ್ಕಿಳಿದಿತ್ತು, ಹುರುಳಿ ಮಾತ್ರ ಇಳಿದಿರಲಿಲ್ಲ. ಕೆಲಸ ಕಡಿಮೆಯಾಯಿತೆಂದು ಮೂಕಪ್ರಾಣಿಯ ಹೊಟ್ಟೆ ಕಡಿಮೆ ಮಾಡುವುದು ಅವನ ಧರ್ಮದಲ್ಲಿ ಇರಲಿಲ್ಲ. ಆದರೆ ನಿಜವಾದ ಕಾರಣ ನಮ್ಮ ನಾಲಿಗೆ. ನೋಡಿ, ನಮ್ಮ ಕಡೆ ಒಬ್ಬರನ್ನು ಬಹಳ ದಿನದ ಮೇಲೆ ಕಂಡರೆ ಏನೆನ್ನುತ್ತೇವೆ? ಮರುಕದಿಂದ, ಯಾಕೆ ಇಷ್ಟು ಇಳಿದುಹೋಗಿದ್ದೀರಿ ಎನ್ನುತ್ತೇವೆ. ಸಂತೋಷವಾದರೆ, ಮೈಕೈ ತುಂಬಿಕೊಂಡಿದ್ದೀರಿ ಎನ್ನುತ್ತೇವೆ. ಇಳಿಯುವುದು ಶೋಕ, ತುಂಬುವುದು ಶುಭ. ಇಂಥ ಭಾಷೆಯ ನಡುವೆ ಒಂದು ಕುದುರೆ ತೆಳ್ಳಗಿರುವುದು ಹೇಗೆ? ಮೋತಿಯ ಬೆನ್ನು ತಟ್ಟಿ ಮೈ ತುಂಬಿಕೊಂಡವ್ಳೆ ಎಂದು ಮೆಚ್ಚಿದವರೆಲ್ಲ ಆ ಮೆಚ್ಚುಗೆಯ ಗುರುತಿಗೆ ಏನಾದರೂ ತಿನ್ನಿಸಿಯೇ ಮುಂದೆ ಹೋಗುತ್ತಿದ್ದರು. ಅದರ ಮೇಲೆ ಮಾಗಿ ಬಂತು, ಮಾಗಿಯ ಜೊತೆ ಅವರೆಕಾಯಿ ಬಂತು. ಸೊಗಡಿನ ಅವರೆ ಬಿಡಿಸಿದ ಸಿಪ್ಪೆ ಪ್ರತಿ ಜಗಲಿಯ ಮುಂದೆ ಹಸಿರು ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಗಾಡಿ ಒಂದೊಂದು ಮನೆಯ ಮುಂದೆಯೂ ತಾನಾಗಿ ನಿಲ್ಲತೊಡಗಿದಾಗ ಒಳಗೆ ಕೂತ ಸವಾರಿಯವರು, ಇದು ಜಟಕಾವೋ ಟಪಾಲಿನವನ ಸೈಕಲ್ಲೋ ಎಂದು ರೇಗುತ್ತಿದ್ದರು.

ಕೊನೆಗೆ ಬೀದಿ ಒಂದು ತೀರ್ಮಾನಕ್ಕೆ ಬಂತು: ಮೋತಿ ಬಸುರಿ. ನಂಜಪ್ಪಣ್ಣನ ಹೆಂಡತಿ ಗಂಗಕ್ಕ, ಬಯಕೆ ತೀರಿಸಬೇಕೆಂದು ರಾಗಿ ಹಿಟ್ಟಿನ ಉಂಡೆ ಮಾಡಿ ತಿನ್ನಿಸಿದಳು. ಬಸುರಿ ಮಾತ್ರ ಒಂದು ಬೆಳಿಗ್ಗೆ ಮುಂಗಾಲನ್ನು ಊರಲಾರದೆ, ಕಾದ ಕಾವಲಿಯ ಮೇಲೆ ನಿಂತವಳಂತೆ ಹಿಂದಕ್ಕೆ ವಾಲಿಕೊಂಡು ನಿಂತಿದ್ದಳು. ದನದ ಡಾಕ್ಟರು ಬಂದರು. ಗೊರಸು ಮುಟ್ಟಿದರು, ಬಿಸಿಯಿತ್ತು. ಹೊಟ್ಟೆ ಒತ್ತಿದರು, ಕುತ್ತಿಗೆಯ ಮೇಲಿನ ಕೊಬ್ಬನ್ನು ರೊಟ್ಟಿಯ ಹಿಟ್ಟಿನಂತೆ ಹಿಚುಕಿದರು. ಆಮೇಲೆ ಕೈ ತೊಳೆದುಕೊಳ್ಳುತ್ತ ಹೇಳಿದರು:

"ಬಸಿರೂ ಇಲ್ಲ, ಬಾಣಂತನಾನೂ ಇಲ್ಲ ನಂಜಪ್ಪ. ಬರೀ ಬೊಜ್ಜು."

ನಗಬೇಡಿ. ಅವರು ಮುಂದೆ ಹೇಳಿದ ಮಾತಿಗೆ ಯಾರೂ ನಗಲಿಲ್ಲ. ಈ ಭಾರ ಹೀಗೇ ಇದ್ದರೆ ಗೊರಸಿನ ಒಳಗಿನ ಮೂಳೆ ತಿರುಚಿಕೊಂಡು ಅವಳು ಮತ್ತೆ ಏಳುವುದೇ ಇಲ್ಲ. ಚಳಿ ಶಿವಶಿವಾ ಎಂದು ಹೊರಡುವ ಶಿವರಾತ್ರಿಯೊಳಗೆ ಬೊಜ್ಜೂ ಅದರ ಜೊತೆ ಹೊರಡಬೇಕು. ಹುರುಳಿ ಇಲ್ಲ, ಬೂಸ ಇಲ್ಲ, ಬೆಲ್ಲ, ಅವರೆಸಿಪ್ಪೆಯ ಹೆಸರೇ ಎತ್ತಕೂಡದು. ನೀರಿನಲ್ಲಿ ನೆನೆಸಿ ಸತ್ವ ತೆಗೆದ ಒಣಹುಲ್ಲು, ಅದೂ ತೂಗಿ. ಹೊರಗೆ ಕರೆದೊಯ್ಯುವಾಗ ಮೂತಿಗೆ ಕುಕ್ಕೆ, ಉಳುವ ಎತ್ತಿಗೆ ಕಟ್ಟುವಂಥ ಹಗ್ಗದ ಬಲೆ. ಕಾಲು ಸರಿಹೋಗುವವರೆಗೆ ಗಾಡಿ ಬೇಡ, ಗೊರಸಿನ ಬಿಸಿ ಆರಿದ ಮೇಲೆ ಮೆತ್ತನೆಯ ನೆಲದಲ್ಲಿ ದಿನಾ ನಡಿಗೆ. ಮೈಮೇಲೆ ಕಂಬಳಿ ಹೊದಿಸಕೂಡದು, ಚಳಿ ಅವಳ ಕೊಬ್ಬನ್ನು ಸುಡಲಿ. ಮರುಕದಿಂದ ನಾನು ಗೋಣಿಯಲ್ಲಿ ಹೊಲಿಯುತ್ತಿದ್ದ, ಎದೆಗೆ ಎರಡು ಗುಂಡಿಯಿಟ್ಟ ಕುದುರೆ ಕೋಟು ಹೀಗೆ ಅರ್ಧಕ್ಕೇ ನಿಂತಿತು. ಅದಕ್ಕೆ ಬದಲಾಗಿ ನನಗೆ ಇನ್ನೊಂದು ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ಹೊಟ್ಟೆಯ ಸುತ್ತಳತೆ ತೆಗೆಯಬೇಕು, ಟೇಪಿರುವವರು ಯಾರಿದ್ದೀರಿ ಎಂದು ಡಾಕ್ಟರು ಕೇಳಿದರು. ಇಡೀ ಸ್ಟ್ಯಾಂಡು ನನ್ನ ಕೊರಳನ್ನು ನೋಡಿತು.

ಮೊದಲ ಶುಕ್ರವಾರ ಮೋತಿಯ ಹೊಟ್ಟೆಯ ಕೆಳಗೆ ತೂರಿ ಟೇಪು ಸುತ್ತಿದೆ. ಆ ಕಡೆಯಿಂದ ಬಂದ ತುದಿ ಈ ಕಡೆಯ ತುದಿಯನ್ನು ಮುಟ್ಟಲೇ ಇಲ್ಲ. ಅರವತ್ತು ಮುಗಿದು ನಡುವೆ ನಾಲ್ಕು ಬೆರಳಿನಷ್ಟು ಕುದುರೆ ಉಳಿದಿತ್ತು. ಆ ನಾಲ್ಕು ಬೆರಳೇ ನಮ್ಮ ಯುದ್ಧಭೂಮಿಯಾಯಿತು. ಎರಡು ತುದಿ ಕೂಡಿದರೆ ಮೋತಿ ಉಳಿದಂತೆ ಎಂದು ಡಾಕ್ಟರು ಗುರಿ ಕೊಟ್ಟರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ದಿನಾ ಬೆಳಿಗ್ಗೆ ನಾನು ಅಂಗಡಿಯ ಬಾಗಿಲ ಹಲಗೆಗಳನ್ನು ತೆಗೆಯುವಾಗ, ಗಾಡಿ ನಿಂತ ಮೇಲೂ ಸ್ಟ್ಯಾಂಡಿನಲ್ಲಿಯೇ ಕಟ್ಟಿರುತ್ತಿದ್ದ ಮೋತಿ ನನ್ನನ್ನು ಕಂಡು ಕೆನೆಯುತ್ತಿದ್ದಳು. ಇದು ಸಣ್ಣ ಮಾತೆಂದು ತಿಳಿಯಬೇಡಿ. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನನ್ನನ್ನು ನೋಡಿ ಯಾರೂ ಅಷ್ಟು ಸಂತೋಷಪಟ್ಟಿರಲಿಲ್ಲ. ಗಿರಾಕಿಗಳು ಬರುವಾಗಲೇ ಬಟ್ಟೆ ತಡವಾಯಿತೆಂದು ಮುಖ ಗಂಟಿಕ್ಕಿಕೊಂಡು ಬರುತ್ತಾರೆ. ಕತ್ತೆತ್ತಿ, ಕಿವಿ ನಿಮಿರಿಸಿ, ಮೂಗಿನ ಹೊಳ್ಳೆ ಅರಳಿಸಿ, ಬಂದೆಯಾ ಎಂದು ಇಡೀ ಬೀದಿಗೆ ಕೇಳುವಂತೆ ನನ್ನ ಬರವನ್ನು ಸಾರುವವಳು ಅವಳೊಬ್ಬಳೇ. ನಾನು ಚಹಾದ ಜೊತೆಗೆಂದು ತಂದ ಬೆಲ್ಲದಲ್ಲಿ ಒಂದು ಚೂರನ್ನು ಅವಳ ಬಾಯಿಗೆ ಹಾಕುವುದು ಎರಡು ವರ್ಷದ ರೂಢಿ. ಡಾಕ್ಟರು ಹೇಳಿದ ಮರುದಿನ ನಿಲ್ಲಿಸಬೇಕೆಂದುಕೊಂಡೆ. ಕುಕ್ಕೆಯ ಬಲೆಯ ಹಿಂದಿನಿಂದ ಅವಳು ನೋಡಿದ ನೋಟಕ್ಕೆ ಅರ್ಧ ಚೂರಿಗೆ ಇಳಿದೆ. ಅರ್ಧ ಚೂರು ಬಲೆಯ ಕಣ್ಣಿನಲ್ಲಿ ಸಲೀಸಾಗಿ ತೂರುತ್ತದೆ ಎಂದು ತಿಳಿದ ಮೇಲೆ ಎರಡು ಅರ್ಧ ಚೂರುಗಳಿಗೆ ಏರಿದೆ. ಆಮೇಲೆ, ಹೇಗೂ ಹುರುಳಿ ನಿಂತಿದೆಯಲ್ಲ ಪಾಪ ಎಂಬ ಲೆಕ್ಕದಲ್ಲಿ, ಮೊದಲಿಗಿಂತ ಹೆಚ್ಚೇ ಆಯಿತು.

ಎರಡನೆಯ ಶುಕ್ರವಾರ ನಾಲ್ಕು ಬೆರಳು ನಾಲ್ಕೂವರೆಯಾಗಿತ್ತು. ಕುದುರೆಯ ತಲೆಯ ಬಳಿ ಹಗ್ಗ ಹಿಡಿದು ನಿಂತ ನಂಜಪ್ಪಣ್ಣ ಎಷ್ಟು ಎಂದು ಕೇಳಿದ. ನನ್ನ ಬಾಯಿ ನನ್ನನ್ನು ಕೇಳದೆಯೇ ಮೂರೂವರೆ ಎಂದಿತು. ನನ್ನ ಉಸ್ತಾದರು ಕೆಲಸ ಕಲಿಸುವಾಗ ಮೊದಲು ಹೇಳಿಕೊಟ್ಟ ಪಾಠ ಅದು: ಹೊಟ್ಟೆ ಬೆಳೆದ ಗಿರಾಕಿಗೆ ಅಂಕಿ ಹೇಳಿ ನೋಯಿಸಬಾರದು. ಬಾಯಲ್ಲಿ ಮೂವತ್ತನಾಲ್ಕು, ಕತ್ತರಿಯಲ್ಲಿ ಮೂವತ್ತೆಂಟು. ಗಿರಾಕಿಯ ಮನಸ್ಸೂ ಉಳಿಯುತ್ತದೆ, ಪ್ಯಾಂಟೂ ಹರಿಯುವುದಿಲ್ಲ. ಮನುಷ್ಯರಲ್ಲಿ ಇದು ಮರ್ಯಾದೆ, ಕುದುರೆಯಲ್ಲಿ ಕೊಲೆಗೆ ಸಮ ಎಂದು ಹೊಳೆಯುವಷ್ಟು ಬುದ್ಧಿ ನನಗೆ ಅಂದು ಇರಲಿಲ್ಲ, ಅಥವಾ ಇದ್ದೂ ಅದನ್ನು ಬೆಲ್ಲದಲ್ಲಿ ಅದ್ದಿಟ್ಟಿದ್ದೆ. ಮೂರನೆಯ ವಾರ ಮೂರು ಎಂದೆ, ನಾಲ್ಕನೆಯ ವಾರ ಎರಡು ಎಂದೆ, ಜುಮ್ಮಾ ನಮಾಜು ಮುಗಿಸಿ ಬಂದ ಬಾಯಲ್ಲಿಯೇ ಎಂದೆ. ನಂಜಪ್ಪಣ್ಣನ ಮುಖ ವಾರ ವಾರ ಅರಳಿತು. ಕುದುರೆ ಕುಂಟುತ್ತಲೇ ಇದ್ದಳು. ಕಾಲು ನಿಧಾನಕ್ಕೆ ವಾಸಿಯಾಗುತ್ತದೆ ಎಂದು ಅವನೇ ನನಗೆ ಸಮಾಧಾನ ಹೇಳಿದ.

ಸಂಕ್ರಾಂತಿಯ ಮಾರನೆಯ ದಿನ ಡಾಕ್ಟರು ಆ ದಾರಿಯಲ್ಲಿ ಬಂದವರು ಇಳಿದು ನೋಡಿದರು. ಟೇಪು ಗೀಪು ಕೇಳಲಿಲ್ಲ, ಅಂಗೈಯಿಂದ ಒಮ್ಮೆ ಹೊಟ್ಟೆ ಸವರಿ, ಇದು ಇಳಿದಿಲ್ಲ ನಂಜಪ್ಪ, ಏರಿದೆ ಎಂದರು. ನಂಜಪ್ಪಣ್ಣ ನನ್ನ ಟೇಪನ್ನು ಅನುಮಾನಿಸಲಿಲ್ಲ. ಅವನ ಯೋಚನೆ ಬೇರೆ ದಾರಿ ಹಿಡಿಯಿತು. ಶುಕ್ರವಾರ ಎರಡು ಬೆರಳಿಗೆ ಇಳಿದಿದ್ದ ಹೊಟ್ಟೆ ನಾಲ್ಕೈದು ದಿನದಲ್ಲಿ ಏರಬೇಕಾದರೆ, ಈ ಹಬ್ಬದಲ್ಲಿ ಯಾರೋ ಚೆನ್ನಾಗಿ ತಿನ್ನಿಸಿದ್ದಾರೆ. ಮನೆಯಲ್ಲಿ ಎಳ್ಳುಬೆಲ್ಲದ ಡಬ್ಬಿ ಇದ್ದದ್ದು ಯಾರ ಕೈಯಲ್ಲಿ?

"ನಿನ್ ಕೈ ಸುಮ್ಕಿರಲ್ಲ. ಅದ್ರ ಕಾಲ್ ಮುರಿಯೋಗಂಟ ನಿಂಗೆ ನೆಮ್ಮದಿ ಇಲ್ಲ" ಎಂದು ಅವನು ಎಲ್ಲರೆದುರಿಗೆ ಹೆಂಡತಿಗೆ ಹೇಳಿದ.

ಗಂಗಕ್ಕ ಒಂದು ಕಾಳೂ ಹಾಕಿಲ್ಲ ಎಂದಳು. ಅವನು, ಟೇಪು ಸುಳ್ಳು ಹೇಳುತ್ತದೆಯೇ ಎಂದು ಕೇಳಿದ. ಅವಳು ಒಮ್ಮೆ ಟೇಪಿನ ಕಡೆ ನೋಡಿದಳು. ಅದು ನನ್ನ ಕೊರಳಲ್ಲಿತ್ತು. ಅದರ ಮೇಲೆ ನನ್ನ ಮುಖವಿತ್ತು, ಆ ಮುಖದಲ್ಲಿ ಒಂದು ಬಾಯಿ ಇತ್ತು. ಅದು ತೆರೆಯಲಿಲ್ಲ. ಅಂದು ಮಧ್ಯಾಹ್ನದ ಕುಣಿಗಲ್ ಬಸ್ಸಿಗೆ ಅವಳು ತೌರಿಗೆ, ಕೊತ್ತಗೆರೆಗೆ, ಹೊರಟುಹೋದಳು.

ಮರುದಿನದಿಂದ ನಾನು ಬೆಲ್ಲ ನಿಲ್ಲಿಸಿದೆ. ಮೊದಲ ದಿನ ಬಾಗಿಲ ಹಲಗೆಗಳನ್ನು ಮೋತಿಯ ಕಡೆ ನೋಡದೆಯೇ ತೆಗೆದೆ. ಅವಳು ಕೆನೆದಳು, ನನ್ನ ಜೇಬನ್ನು ಮೂಸಿದಳು, ಏನೂ ಸಿಗಲಿಲ್ಲ. ಎರಡನೆಯ ದಿನವೂ ಹಾಗೆಯೇ. ಹತ್ತು ದಿನ ಬರಿಜೇಬು ಮೂಸಿದ ಮೇಲೂ ಹನ್ನೊಂದನೆಯ ದಿನ ಅದೇ ಕತ್ತು, ಅದೇ ಕಿವಿ, ಅದೇ ಕೆನೆತ. ನಾನು ಹಲಗೆ ಹಿಡಿದುಕೊಂಡೇ ಬೀದಿಯಲ್ಲಿ ನಿಂತುಬಿಟ್ಟೆ. ಎರಡು ವರ್ಷ ನಾನು ಬೆಲ್ಲ ಕೊಟ್ಟು ಕೊಳ್ಳುತ್ತಿದ್ದೇನೆ ಎಂದುಕೊಂಡದ್ದನ್ನು ಅವಳು ಪುಕ್ಕಟೆಯಾಗಿಯೇ ಕೊಡುತ್ತಿದ್ದಳು. ಬೆಲ್ಲ ಬೇಕಾಗಿದ್ದದ್ದು ಅವಳಿಗಲ್ಲ, ನನಗೆ. ಅಂದೇ ನಾನು ಅಂಗಡಿ ಮುಚ್ಚಿ ಬಸ್ಸು ಹತ್ತಿದೆ.

ಕೊತ್ತಗೆರೆಯಲ್ಲಿ ಗಂಗಕ್ಕ ಅಣ್ಣನ ಕಣದಲ್ಲಿ ರಾಗಿ ತೂರುತ್ತಿದ್ದಳು. ಮೊರದಿಂದ ಹಾರಿದ ರಾಗಿ ಹೊಟ್ಟು ಎಲ್ಲ ಗಾಳಿ ಬೀಸುವ ಕಡೆ ನಿಂತಿದ್ದ ನನ್ನ ಮೈಮೇಲೆ. "ಬನ್ನಿ ಟೈಲರ್ ಸಾಬ್ರೆ, ಮೋತಿ ಹೆಂಗವ್ಳೆ" ಎಂದಳು. ನಾನು ಎಲ್ಲವನ್ನೂ ಹೇಳಿದೆ, ಬೆಲ್ಲ, ಬಲೆಯ ಕಣ್ಣು, ನಾಲ್ಕೂವರೆಯನ್ನು ಮೂರೂವರೆ ಎಂದದ್ದು, ಬಾಯಿ ಮುಚ್ಚಿಕೊಂಡು ನಿಂತದ್ದು. ನಡುನಡುವೆ ಸೀನುತ್ತಲೂ ಇದ್ದೆ. ಪಶ್ಚಾತ್ತಾಪದ ಮಾತಿಗೆ ಸೀನಿನಂಥ ಶತ್ರು ಇಲ್ಲ. ಅವಳು ಮೊರ ಕೆಳಗಿಟ್ಟಳು.

"ಏನ್ಲಾ, ಬೆಲ್ಲ ಹಾಕಿದ್ದು ನೀನಾ?" ಎಂದಳು. ಅಲ್ಲಿಯವರೆಗೆ ನನಗೆ ನೀವು ಎಂದವಳು ಅವಳು. "ಹಾಕ್ದೆ, ಹೋಗ್ಲಿ ಬುಡು. ಬಾಯಿಲ್ದಿರೋ ಜೀವ ಕೇಳ್ದಾಗ ಯಾರ್ ಕೈ ತಡೀತದೆ. ಆದ್ರೆ ಅವತ್ತು ಅಲ್ಲೇ ನಿಂತಿದ್ಯಲ್ಲೋ." ರಾಗಿಯಲ್ಲಿ ಕೈಯಾಡಿಸುತ್ತ ಮತ್ತೆ ಹೇಳಿದಳು: "ಇಪ್ಪತ್ತು ವರ್ಸ ನನ್ ಕೈಲಿ ಉಂಡವ್ರು ನನ್ ಮಾತು ಬುಟ್ಟು ಒಂದು ಟೇಪಿನ ಮಾತು ನಂಬುದ್ರು. ನಂಗೆ ಅದು ಕಣೋ ಉರಿಯೋದು. ಹೋಗು, ಅಳತೆ ಕೂಗ್ತಿದ್ಯಲ್ಲ, ಅಷ್ಟೇ ಜೋರಾಗಿ ಹೋಗಿ ಹೇಳು."

ಊಟ ಹಾಕದೆ ಕಳಿಸಲಿಲ್ಲ. ಅವರೆಕಾಳಿನ ಸಾರು, ಮುದ್ದೆ. ಏಕವಚನದಲ್ಲಿ ಬೈಸಿಕೊಂಡು ಉಂಡ ಆ ಮುದ್ದೆಯಷ್ಟು ಹಗುರವಾಗಿ ನನಗೆ ಬೇರೆ ಯಾವುದೂ ಗಂಟಲಿನಲ್ಲಿ ಇಳಿದಿಲ್ಲ.

ಶುಕ್ರವಾರ ಸ್ಟ್ಯಾಂಡಿನಲ್ಲಿ ಎಲ್ಲರೂ ಸೇರಿದಾಗ ಮೋತಿಯ ಹೊಟ್ಟೆಯ ಕೆಳಗಿನಿಂದ ಎದ್ದು ನಿಂತು ನಿಜವನ್ನು ಹೇಳಿದೆ. ಇವತ್ತು ಎಷ್ಟೆಂದು ಹೇಳಿದೆ, ಕಳೆದ ವಾರಗಳಲ್ಲಿ ಎಷ್ಟಿತ್ತು, ನಾನು ಎಷ್ಟೆಂದೆ, ಏಕೆಂದೆ ಎಂದು ಹೇಳಿದೆ. ಗಿರಾಕಿಗಳಿಗೆ ಹೇಳುವ ರೂಢಿ ನಾಲಿಗೆಗೆ ಬಂದುಬಿಟ್ಟಿತು ಎಂದೂ ಹೇಳಿಬಿಟ್ಟೆ. ನಂಜಪ್ಪಣ್ಣ ಹೊಡೆಯುತ್ತಾನೆಂದುಕೊಂಡಿದ್ದೆ. ಅವನು ಕುದುರೆಯಿಲ್ಲದ ಗಾಡಿಯ ಮೂಕಿಯ ಮೇಲೆ ಕೂತುಬಿಟ್ಟ. ಮೊದಲು ಬಾಯಿಬಿಟ್ಟವರು ಕಾಫಿಪುಡಿ ಅಂಗಡಿಯ ಶೆಟ್ಟರು.

"ಹಂಗಾದ್ರೆ ಸಾಬ್ರೆ, ನನ್ ಸೊಂಟ ಮೂವತ್ತಾರು ಅಂದಿದ್ರಲ್ಲ?"

ನಾನು ಅಂದು ಸತ್ಯವ್ರತನಾಗಿದ್ದೆ. ನಲವತ್ತೊಂದು ಎಂದೆ.

ಆಮೇಲೆ ನಡೆದದ್ದನ್ನು ನಾನು ಹೇಗೆ ವರ್ಣಿಸಲಿ! ಬೀದಿಯ ಹೊಟ್ಟೆಗಳೆಲ್ಲ ನನ್ನ ಅಂಗಡಿಗೆ ನುಗ್ಗಿದವು. ನಂದೆಷ್ಟು, ನಂದೆಷ್ಟು, ನಿಜ ಹೇಳು. ಹದಿನೈದು ವರ್ಷದ ಮರ್ಯಾದೆಯ ಸುಳ್ಳುಗಳು ಒಂದೇ ಸಂಜೆಯಲ್ಲಿ ಪಟಪಟನೆ ಗುಂಡಿ ಕಿತ್ತುಕೊಂಡು ಹಾರಿದವು. ಒಬ್ಬರು ನನ್ನ ಟೇಪು ಕುಗ್ಗಿದೆ ಎಂದು ವಾದಿಸಿದರು. ಇನ್ನೊಬ್ಬರು ಉಸಿರು ಬಿಗಿಹಿಡಿದು ಮತ್ತೊಮ್ಮೆ ಅಳೆಯಿಸಿಕೊಂಡು, ಅಂಕಿ ಹೇಳುವ ಮೊದಲೇ ಉಸಿರು ಸಾಲದೆ ಬಿಟ್ಟುಬಿಟ್ಟರು. ಆದರೆ ಮೂರನೆಯ ದಿನ ಬೆಳಿಗ್ಗೆ ಮಂಜಿನಲ್ಲಿ ನಾನೂ ನಂಜಪ್ಪಣ್ಣನೂ ಮೋತಿಯನ್ನು ಅಮಾನಿಕೆರೆಯ ಏರಿಯ ಕಡೆ ನಡೆಸಿಕೊಂಡು ಹೊರಟಾಗ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ತಲೆಗೆ ಮಂಕಿ ಟೋಪಿ, ಕೊರಳಿಗೆ ಮಫ್ಲರು, ಶೆಟ್ಟರು. ಒಂದು ವಾರದಲ್ಲಿ ಎಂಟು ಜನ. ಮುಂದೆ ಕುಕ್ಕೆ ಹಾಕಿಕೊಂಡ ಕುದುರೆ, ಹಿಂದೆ ಮುಖ ಮುಚ್ಚಿಕೊಂಡ ಎಂಟು ದೊಡ್ಡ ಮನುಷ್ಯರು. ಎದುರಾದ ಹಾಲಿನವನೊಬ್ಬ ಮದುವೆ ಮೆರವಣಿಗೆಯೆಂದು ತಿಳಿದು, ಗಂಡೆಲ್ಲಿ ಸ್ವಾಮಿ ಎಂದು ಕೇಳಿಯೇಬಿಟ್ಟ. ಏರಿಯ ಕೆಳಗೆ ಎಳೆ ಹುಲ್ಲು ಕಂಡಾಗ ಮೋತಿ ನಿಟ್ಟುಸಿರಿಟ್ಟಳು. ಏರಿಯ ತುದಿಯಲ್ಲಿ ಬೋಂಡದ ವಾಸನೆ ಬಂದಾಗ ಎಂಟು ಜನವೂ ನಿಟ್ಟುಸಿರಿಟ್ಟರು. ಆ ಚಳಿಯಲ್ಲಿ ನಾನು ನಕ್ಕಷ್ಟು ಮತ್ತೆಂದೂ ನಕ್ಕಿಲ್ಲ. ನಗುನಗುತ್ತಲೇ ಅವಳ ಹೆಜ್ಜೆ ನೋಡುತ್ತಿದ್ದೆ. ದಿನದಿನಕ್ಕೆ ಮುಂಗಾಲು ನೆಲವನ್ನು ನಂಬತೊಡಗಿತ್ತು.

ಈ ನಡುವೆ ನಂಜಪ್ಪಣ್ಣ ಕೊತ್ತಗೆರೆಗೆ ಹೋಗಿ ಹೆಂಡತಿಯನ್ನು ಕರೆತಂದಿದ್ದ. ಅವಳು ಬಂದಳು, ಅಡುಗೆ ಮಾಡಿದಳು, ಮೋತಿಗೆ ಹುಲ್ಲು ನೆನೆಸಿದಳು. ಗಂಡನ ಸಂಗಡ ಮಾತ್ರ ಮಾತಿಲ್ಲ. ಏನು ಹೇಳುವುದಿದ್ದರೂ ಮೋತಿಗೆ ಹೇಳುತ್ತಿದ್ದಳು, ಅವನು ಅದನ್ನು ಕೇಳಿಸಿಕೊಳ್ಳಬೇಕು. ನೀರು ಕಾದದೆ ಕಣೇ ಮೋತಿ ಎಂದರೆ ಅವನು ಸ್ನಾನಕ್ಕೇಳುತ್ತಿದ್ದ.

ಶಿವರಾತ್ರಿಗೆ ಮೊದಲಿನ ಶುಕ್ರವಾರ ಬಂತು. ಸ್ಟ್ಯಾಂಡಿನ ತುಂಬ ಜನ, ಡಾಕ್ಟರೂ ಬಂದಿದ್ದರು. ನಾನು ಟೇಪಿಗೆ ಕೈ ಹಾಕಿದಾಗ ಎಲ್ಲರ ಕಣ್ಣು ನನ್ನ ಬಾಯಿಯ ಮೇಲಿತ್ತು, ಟೇಪಿನ ಮೇಲಲ್ಲ. ಸುಳ್ಳು ಹೇಳಿದವನಿಗೆ ಬೈಗುಳಕ್ಕಿಂತ ದೊಡ್ಡ ಶಿಕ್ಷೆ ಇದೇ ಸ್ನೇಹಿತರೆ. ಅವನು ನಿಜ ಹೇಳುವ ದಿನ ಅದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ನಾನು ಟೇಪನ್ನು ಕೊರಳಿನಿಂದ ತೆಗೆದು ಗಂಗಕ್ಕನ ಕೈಗೆ ಕೊಟ್ಟೆ. ಅಂಕಿ ಓದಲು ಬರದು ಎಂದಳು. ಓದುವುದೇನಿಲ್ಲ, ತುದಿಗೆ ತುದಿ ಕೂಡಿದರಾಯಿತು ಎಂದೆ. ಅವಳು ಸೆರಗು ಸಿಕ್ಕಿಸಿ, ಬಗ್ಗಿ, ಹೊಟ್ಟೆಯ ಕೆಳಗಿನಿಂದ ಟೇಪನ್ನು ಎಳೆದುಕೊಂಡಳು. ಕುದುರೆಯ ಆಚೆ ಪಕ್ಕದಲ್ಲಿದ್ದದ್ದರಿಂದ ಅವಳ ಕೈ ನಮಗಾರಿಗೂ ಕಾಣುತ್ತಿರಲಿಲ್ಲ. ಬಹಳ ಹೊತ್ತು ಎದ್ದೇಳಲಿಲ್ಲ. ಶೆಟ್ಟರು ತಮ್ಮ ಸೊಂಟವನ್ನೇ ಅಳೆಯುತ್ತಿದ್ದಾರೇನೋ ಎಂಬಂತೆ ಉಸಿರು ಹಿಡಿದು ನಿಂತಿದ್ದರು.

ಗಂಗಕ್ಕ ಮೋತಿಯ ಬೆನ್ನಿನ ಮೇಲಿನಿಂದ ತಲೆಯೆತ್ತಿದಳು. ಈ ಸಲ ಕುದುರೆಗಲ್ಲ, ನೇರವಾಗಿ ಗಂಡನಿಗೇ ಹೇಳಿದಳು:

"ಕೂಡ್ತು. ಒಂದರ ಮ್ಯಾಲೆ ಒಂದು ಬಂದು ಎರಡು ಬೆರಳು ಮಿಕ್ಕದೆ. ನಂಬಿಕೆ ಇಲ್ದಿದ್ರೆ ಈ ಕಡೆ ಬಂದು ನೋಡು."

ಡಾಕ್ಟರಿಂದ ಹಿಡಿದು ಹಾಲಿನವನ ತನಕ ಎಲ್ಲರೂ ನೋಡಲು ಒಂದು ಹೆಜ್ಜೆ ಮುಂದಿಟ್ಟರು. ನಂಜಪ್ಪಣ್ಣ ಮಾತ್ರ ಮೋತಿಯ ಮೂಗು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ.

"ನೀನ್ ಹೇಳುದ್ ಮ್ಯಾಲೆ ನೋಡೋದೇನು ಬುಡು" ಎಂದ.